ಕರೆದರೆ ಬಾರದ ನಾಯಿ

ನನ್ನ ವಾರಗಿತ್ತಿ ಮಾಯಿ ರುವಾಳ ಬಗ್ಗೆ ಹೇಳಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅರ್ಧ ಅವಳ ಮೇಲೆ, ಅರ್ಧ ನನ್ನ ಗಂಡನ ಮೇಲೆ, ಮಿಕ್ಕಿದ್ದೆಲ್ಲ ನನ್ನ ಮೇಲೆ. ಎರಡು ಅರ್ಧ ಆದಮೇಲೆ ಮಿಕ್ಕುವುದೇನು ಎಂದು ಕೇಳಬೇಡಿ. ಸಿಟ್ಟು ಅಷ್ಟಿತ್ತು.

ಮುಟಾರೆ ಪಟ್ಟಣದ ಡಂಗಮ್ವುರ ಬಡಾವಣೆಯಲ್ಲಿ ನಮ್ಮವು ಅಕ್ಕಪಕ್ಕದ ಎರಡು ಮನೆ. ಅಣ್ಣ ಜೊಸಾಯ ಒಂದರಲ್ಲಿ, ತಮ್ಮ ಎಲಿಫಾಸ್ ಇನ್ನೊಂದರಲ್ಲಿ. ಎಲಿಫಾಸ್ ನನ್ನ ಗಂಡ. ನಡುವೆ ಗೋಡೆಯಿಲ್ಲ, ಸೊಂಟದೆತ್ತರದ ತಂತಿಬೇಲಿ ಅಷ್ಟೆ. ಅವಳ ಒಲೆಯ ಮೇಲೆ ಈರುಳ್ಳಿ ಸೀದರೆ ನನ್ನ ಕಣ್ಣಲ್ಲಿ ನೀರು ಬರುವಷ್ಟು ಹತ್ತಿರ. ಮಾಯಿ ರುವಾ ಅಂದರೆ ರುವಾಳ ತಾಯಿ. ನಮ್ಮಲ್ಲಿ ಹೆತ್ತವಳನ್ನು ಮಗುವಿನ ಹೆಸರು ಹಿಡಿದೇ ಕರೆಯುವುದು. ಗಂಡನ ಅಣ್ಣನ ಹೆಂಡತಿ ಎಂದು ನಾನು ಮಾತ್ರ ಅವಳನ್ನು ಮಾಯಿಗುರು ಎನ್ನುತ್ತಿದ್ದೆ. ಅವಳು ನನ್ನನ್ನು ಮಾಯಿನಿನಿ ಎನ್ನುತ್ತಿದ್ದಳು. ದೊಡ್ಡಮ್ಮ, ಚಿಕ್ಕಮ್ಮ ಅಂದ ಹಾಗೆ.

ಸಕುಬ್ವಾ ಮಾರುಕಟ್ಟೆಯಲ್ಲಿ ಅವಳು ಹಳೇ ಬಟ್ಟೆ ಮಾರುತ್ತಿದ್ದಳು. ಗಡಿಯಾಚೆಯಿಂದ ಬಂದ ಮೂಟೆ ಬಿಚ್ಚಿದ ಕೂಡಲೇ ಬೇರೆ ಹೆಂಗಸರೆಲ್ಲ ಕಾಳು ಕಂಡ ಕೋಳಿಗಳ ಹಾಗೆ ಮೇಲೆ ಬೀಳುತ್ತಿದ್ದರು. ಇವಳು ಮಾತ್ರ ಒಂದೊಂದು ಅಂಗಿಯನ್ನೂ ಒಳಗು ಹೊರಗು ಮಾಡಿ, ಕಂಕುಳ ಹೊಲಿಗೆ ಎಳೆದು, ಕಾಲರಿನ ಹಿಂಭಾಗ ಉಜ್ಜಿ ನೋಡಿ ಆಮೇಲೆ ಪಕ್ಕಕ್ಕಿಡುವಳು. "ಮುಂದುಗಡೆ ಎಲ್ಲಾದೂ ಚೆನ್ನಾಗೇ ಇರುತ್ತೆ ಕಣೇ," ಎನ್ನುವಳು. ಗಂಟಲಂತೂ ಕೇಳಬೇಡಿ. ಅವಳು ಸ್ವೆಟರಿನ ರೇಟು ಕೂಗಿದರೆ ಬಸ್ ನಿಲ್ದಾಣದ ಕಂಡಕ್ಟರುಗಳು ತಮ್ಮ ಊರಿನ ಹೆಸರು ಮರೆತು ಇತ್ತ ತಿರುಗಿ ನೋಡುತ್ತಿದ್ದರು.

ಜೊಸಾಯ ಮರದ ಮಿಲ್ಲಿನಲ್ಲಿದ್ದವನು. ಹೊಟ್ಟಿನ ಧೂಳು ಕುಡಿದು ಕುಡಿದು ಎದೆ ಕೆಟ್ಟು ತೀರಿಕೊಂಡ. ಹೆಣ ಇನ್ನೂ ಮುಂದಿನ ಕೋಣೆಯಲ್ಲಿತ್ತು, ಹೆಂಗಸರು ಹಾಡುತ್ತಿದ್ದರು. ನಾನು ತಟ್ಟೆಗಳನ್ನು ಹೊತ್ತು ಒಳಕೋಣೆಗೆ ಹೋದೆ. ಅಲ್ಲಿ ನನ್ನ ಗಂಡ ಅಣ್ಣನ ಕಪಾಟಿನ ಬಾಗಿಲು ತೆಗೆದುಕೊಂಡು ನಿಂತಿದ್ದ. ಕೈಯಲ್ಲಿ ಆ ಮನೆಯ ಕಾಗದ. ಮನೆ ಯಾರದು ಎಂದು ಪಟ್ಟಣದ ಕಚೇರಿಯವರು ಬರೆದುಕೊಟ್ಟ ಒಂದೇ ಒಂದು ಕಾಗದ.

"ಜೋಪಾನವಾಗಿ ಇಡೋಕೆ," ಅಂದ. ಆಮೇಲೆ, "ನೀನೇನೂ ನೋಡಿಲ್ಲ," ಅಂದ.

ಆ ಕಾಗದವನ್ನು ನನ್ನ ಟ್ರಂಕಿನಲ್ಲಿ, ನನ್ನ ಚರ್ಚಿನ ಸಮವಸ್ತ್ರದ ಕೆಳಗೆ, ನಾನೇ ಇಟ್ಟೆ. ನನ್ನ ಕೈಯಿಂದಲೇ. ಗುರುವಾರ ಗುರುವಾರ ಹೆಂಗಸರ ಪ್ರಾರ್ಥನೆಗೆ ಹೋಗಲು ಕೆಂಪು ರವಿಕೆ ಎತ್ತಿದರೆ ಅದು ಕೆಳಗೆ ಮಲಗಿರುತ್ತಿತ್ತು. ನಾನು ರವಿಕೆ ತೊಟ್ಟು, ಬಿಳಿ ಟೋಪಿ ಇಟ್ಟುಕೊಂಡು, ಹೋಗಿ ಎಲ್ಲರಿಗಿಂತ ಜೋರಾಗಿ ಹಾಡಿ ಬರುತ್ತಿದ್ದೆ.

ವರ್ಷ ತುಂಬಿದ ಮೇಲೆ ದುಃಖ ಕಳೆಯುವ ಶಾಸ್ತ್ರವಾಯಿತು. ಅವತ್ತು ವಿಧವೆಯ ಕೈಗೆ ಸತ್ತವನ ದೊಣ್ಣೆ ಕೊಡುತ್ತಾರೆ. ಗಂಡನ ತಮ್ಮಂದಿರಲ್ಲಿ ಯಾರ ಜೊತೆ ಬಾಳಲು ಒಪ್ಪಿಗೆಯೋ ಅವನಿಗೆ ಅವಳು ಆ ದೊಣ್ಣೆ ಕೊಡಬೇಕು. ಯಾರೂ ಬೇಡವಾದರೆ ಗಂಡನ ಅಕ್ಕನಿಗೆ ಕೊಡಬೇಕು. ನನ್ನ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ. ಇಸ್ತ್ರಿ ಮಾಡಿಕೊಟ್ಟವಳು ನಾನೇ. ಮಾಯಿ ರುವಾ ದೊಣ್ಣೆ ಹಿಡಿದು ಅವನ ಮುಂದೆ ಬಂದಳು, ನಿಂತಳು, ದಾಟಿ ಹೋಗಿ ತೇತೆ ಬೆರಿಟಾ ಎಂಬ ನಮ್ಮ ಹಿರಿಯ ನಾದಿನಿಯ ಮಡಿಲಲ್ಲಿ ಅದನ್ನಿಟ್ಟಳು. ಜನ ಚಪ್ಪಾಳೆ ತಟ್ಟಿದರು. ನನ್ನ ಗಂಡನ ಮುಖ ಕಪ್ಪಿಟ್ಟಿತು. ಅವತ್ತಿನಿಂದ ಅವನ ಬಾಯಲ್ಲಿ ಒಂದೇ ಮಾತು: ಅಣ್ಣನ ಮನೆ ಅಂದರೆ ನನ್ನ ಮನೆ.

ಆಗ ಒಂದು ದಿನ, ಮನೆಯವರೆಲ್ಲ ಸೇರಿದ್ದಾಗ, ಅವಳು ತೇತೆಯ ಮುಂದೆ ವಿಷಯ ಎತ್ತಿದಳು. ನಮ್ಮಲ್ಲಿ ಸೊಸೆಯಾದವಳು ಮೈದುನನನ್ನು ಕಳ್ಳ ಎನ್ನುವ ಹಾಗಿಲ್ಲ. ಅಂದರೆ ಇಡೀ ಕುಲವನ್ನೇ ಅಂದಂತೆ. ಹಾಗಾಗಿ ಅವಳು ತಲೆ ತಗ್ಗಿಸಿ, "ಕಪಾಟಿನಲ್ಲಿದ್ದ ಕಾಗದ ಕಾಣ್ತಿಲ್ಲ," ಎಂದಷ್ಟೇ ಹೇಳಿದಳು.

ತೇತೆ ನೇರ ನಡೆಯವರು, ಮನೆತನದ ನ್ಯಾಯ ಹೇಳುವವರೂ ಅವರೇ. "ಯಾರಾದ್ರೂ ತಗೊಂಡಿದ್ದನ್ನ ನೋಡಿದೋರು ಇದಾರಾ?" ಎಂದು ಸುತ್ತ ನೋಡಿದರು. "ಕಣ್ಣಾರೆ ಕಂಡೋರು ಒಬ್ರು ಹೇಳಲಿ. ಸಾಕು. ಇವತ್ತೇ ತೀರ್ಮಾನ ಮಾಡ್ತೀನಿ."

ನಾನು ನನ್ನ ಚಪ್ಪಲಿಯ ಉಂಗುಷ್ಠ ನೋಡುತ್ತ ಕೂತೆ. ಹೊಲಿಗೆ ಬಿಟ್ಟಿತ್ತು.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಮಾಯಿ ರುವಾ ಬೇಲಿಯ ಬಳಿ ಬಂದಳು. "ಮಾಯಿನಿನಿ, ಮುರಾಂಬಿಗೆ ಹೋಗ್ತಿದೀನಿ. ಇನ್ನೊಂದು ನಾಯಿ ತರೋಣ ಅಂತ. ಬಾ ಜೊತೇಲಿ."

ನಾಯಿ ಅಂದರೆ ನಮ್ಮಲ್ಲಿ ಕಾವಲಿಗೆ ಮಾತ್ರವಲ್ಲ. ನೆರೆಯವರ ಮುಖ ನೋಡಿ ಹೇಳಲಾಗದ ಮಾತನ್ನು ನಾಯಿಗೆ ಹೆಸರಾಗಿ ಇಟ್ಟು, ಅಂಗಳದಲ್ಲಿ ನಿಂತು ಕೂಗಿ ಕರೆಯುತ್ತೇವೆ. ಕೇಳಬೇಕಾದವರಿಗೆ ಕೇಳುತ್ತದೆ. ಜಗಳಕ್ಕೆ ಬರುವ ಹಾಗಿಲ್ಲ, ನಾನು ನಾಯಿಯನ್ನಲ್ಲವೇ ಕರೆದದ್ದು. ಜೊಸಾಯ ಬದುಕಿದ್ದಾಗ ತಂದ ಹಳದಿ ನಾಯಿಯ ಹೆಸರು ಚೆಂಜೆರಾ, ಹುಷಾರು ಎಂದರ್ಥ. ಕುಡಿದು ಬಂದು ಅವರ ಗೋಡೆಗೆ ಉಚ್ಚೆ ಹೊಯ್ಯುತ್ತಿದ್ದ ಒಬ್ಬನಿಗೆ ಇಟ್ಟ ಹೆಸರದು. ಈಗ ಚೆಂಜೆರಾ ಮುದಿಯಾಗಿತ್ತು. ಗೇಟಿನ ಬಳಿ ಬಿದ್ದುಕೊಂಡರೆ ಊಟಕ್ಕೆ ಬಿಟ್ಟು ಏಳುತ್ತಿರಲಿಲ್ಲ. ಅದನ್ನು ಕರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅವಳು ಯಾರಿಗಾಗಿ ನಾಯಿ ತರುತ್ತಿದ್ದಾಳೆಂದು ನನಗೆ ಆಗಲೇ ಹೊಳೆಯಿತು. ನನ್ನ ಗಂಡನಿಗೆ, ಇನ್ನಾರಿಗೆ. ಒಳಗೊಳಗೇ ಖುಷಿಯೂ ಆಯಿತು. ಅವನಿಗೆ ಯಾರಾದರೂ ಒಬ್ಬರು ಹೇಳಲಿ, ನಾನಂತೂ ಹೇಳಲಾರೆ ಎಂದುಕೊಂಡು ಹೊರಟೆ. ಎಷ್ಟು ಮೂರ್ಖಳಾಗಿದ್ದೆ ನಾನು.

ಪಟ್ಟಣದ ಸಿರಿವಂತರ ಬಡಾವಣೆ ಮುರಾಂಬಿಯಲ್ಲಿ ಮಿಸೆಸ್ ಪ್ಲಂಕೆಟ್ ಎಂಬ ಬಿಳಿಯ ಮುದುಕಿ ಸಣ್ಣ ಜಾತಿಯ ನಾಯಿಗಳನ್ನು ಸಾಕಿ ಮಾರುತ್ತಿದ್ದಳು. ಇಲ್ಲೇ ಹುಟ್ಟಿದವಳು, ನಮ್ಮ ಭಾಷೆಯಲ್ಲಿ ನಮಗಿಂತ ಚೆನ್ನಾಗಿ ಬೈಯಲು ಬರುತ್ತಿತ್ತು. ನಾಯಿಮರಿ ಕೊಡುವ ಮೊದಲು ಮದುವೆಗೆ ಹೆಣ್ಣು ಕೊಡುವವಳ ಹಾಗೆ ವಿಚಾರಿಸಿದಳು.

"ಮನೇಲಿ ಆಗಲೇ ನಾಯಿ ಇದೆಯಾ?"

"ಒಂದಿದೆ. ಮುದುಕ."

"ಹಾಗಾದ್ರೆ ಎರಡನೇದು ಸಣ್ಣ ಜಾತೀದೇ ಸರಿ. ದೊಡ್ಡದು ತಂದ್ರೆ ಮುದುಕನ ಜಾಗಕ್ಕೆ ಕಾದಾಡುತ್ತೆ. ಹಿರೀದು ಗಂಡಾದ್ರೆ ಇದು ಹೆಣ್ಣಿರಲಿ. ಇಗೋ, ಈ ಮಾಲ್ಟೀಸ್ ನೋಡಿ. ಬಂಗಾರ. ಮಡಿಲು ಬಿಟ್ಟು ಇಳಿಯಲ್ಲ."

"ಬೇಡಮ್ಮ," ಅಂದಳು ಮಾಯಿ ರುವಾ. "ಮಡಿಲಲ್ಲಿರೋದನ್ನ ಕರೆಯೋದು ಹೇಗೆ?"

ಮುದುಕಿಗೆ ಅರ್ಥವಾಗಲಿಲ್ಲ. ಅಂಗೈಯಷ್ಟಿದ್ದ ಒಂದು ಚಿವಾವಾ ತೋರಿಸಿದಳು. ಅದು ನಮ್ಮನ್ನು ಕಂಡದ್ದೇ ಮೈಯೆಲ್ಲ ನಡುಗಿಸಿಕೊಂಡು ಬೊಗಳತೊಡಗಿತು.

"ಇದರ ಗಲಾಟೇಲಿ ನನ್ನ ದನಿ ಕೇಳಲ್ಲ," ಅಂದಳು ಇವಳು.

ಜ್ಯಾಕ್ ರಸೆಲ್ ಬಂತು. "ಇದು ಜಾಣ. ತೋಟದ ಆ ತುದೀಲಿದ್ರೂ ಒಂದು ಸಲ ಕರೆದ್ರೆ ಸಾಕು, ಓಡಿ ಬಂದು ಕಾಲ ಹತ್ರ ನಿಲ್ಲುತ್ತೆ."

"ಒಂದೇ ಸಲಕ್ಕಾ?"

"ಒಂದೇ ಸಲಕ್ಕೆ."

"ಅಯ್ಯೋ ಬೇಡ."

ಮಿಸೆಸ್ ಪ್ಲಂಕೆಟ್ ಸೊಂಟದ ಮೇಲೆ ಕೈ ಇಟ್ಟಳು. ಆಗ ಮಾಯಿ ರುವಾ ಮೂಲೆಯ ಪೆಟ್ಟಿಗೆಯತ್ತ ಬೊಟ್ಟು ಮಾಡಿದಳು. ಉದ್ದ ಬೆನ್ನು, ಗಿಡ್ಡ ಕಾಲಿನ ಮೂರು ಡ್ಯಾಷ್‌ಹೌಂಡ್ ಮರಿಗಳು ಅಲ್ಲಿದ್ದವು. "ಅವು?"

"ಅವನ್ನ ನಿಮಗೆ ಕೊಡಲ್ಲ. ಆಮೇಲೆ ಬಂದು ನನ್ನ ಬೈತೀರಿ. ಮೊಂಡು ಅಂದ್ರೆ ಮೊಂಡು. ಬೇಲಿ ಕೆಳಗೆ ತೋಡಿಕೊಂಡು ಪಕ್ಕದ ಮನೆಗೆ ಹೋಗುತ್ತೆ. ಕರೆದ್ರೆ ನಿಂತು ನಿಮ್ಮ ಮುಖ ನೋಡುತ್ತೆ, ಯೋಚನೆ ಮಾಡುತ್ತೆ, ಆಮೇಲೆ ತನ್ನ ಪಾಡಿಗೆ ತಾನು ಹೋಗುತ್ತೆ. ಇಪ್ಪತ್ತು ಸಲ ಕರೀಬೇಕು."

ನನ್ನ ಮಾಯಿಗುರುವಿನ ಮುಖದಲ್ಲಿ ಗಂಡ ಸತ್ತ ಮೇಲೆ ನಾನು ಕಂಡ ಮೊದಲ ನಗು ಅದು. ಮೂರೂ ಮರಿಗಳನ್ನು ಎತ್ತಿ ಅಂಗಿಯ ಹಾಗೆ ತಿರುಗಿಸಿ ನೋಡಿದಳು. ಕಂಕುಳು, ಕಿವಿಯ ಒಳಗು, ವಸಡು. ಎಲ್ಲ ಆದಮೇಲೆ ನೆಲಕ್ಕೆ ಬಿಟ್ಟು ನನ್ನ ಕಡೆ ತಿರುಗಿದಳು.

"ನೀನೇ ಆರಿಸು, ಮಾಯಿನಿನಿ."

"ನಾನ್ಯಾಕೆ? ನಾಯಿ ನಿಮ್ಮದು."

"ಬೇಲಿ ಒಂದೇ ತಾನೆ. ನಿನ್ನ ಅಂಗಳದಲ್ಲೇ ಜಾಸ್ತಿ ಇರುತ್ತೆ. ಆರಿಸು."

ನಾನು "ಬಾ, ಬಾ" ಎಂದು ಚಿಟಿಕೆ ಹೊಡೆದೆ. ಎರಡು ಬಂದವು. ಮೂರನೆಯದು, ಕೆಂಪು ಕಂದು ಬಣ್ಣದ ಹೆಣ್ಣುಮರಿ, ನನ್ನನ್ನೇ ನೋಡಿತು, ನೆಲದತ್ತ ಮುಖ ಮಾಡಿತು, ಸುಮ್ಮನಾಯಿತು.

"ಇದು," ಅಂದೆ. "ಯಾರು ಕರೆದ್ರೂ ಬರೋ ಹಾಗೆ ಕಾಣಲ್ಲ."

"ಬರುತ್ತೆ," ಅಂದಳು ಮಾಯಿ ರುವಾ. "ಕೇಳಿಸಿಕೊಂಡಿದೆ ನೋಡು. ಬರೋಕೆ ಮನಸ್ಸಿಲ್ಲ, ಅಷ್ಟೆ."

ಮರಿಗೆ ಬದಲು ಮುದುಕಿಗೆ ಚಳಿಗಾಲದ ಮೂರು ಒಳ್ಳೆಯ ಉಣ್ಣೆ ಕೋಟು ಕೊಟ್ಟಳು. ಹಿಂದಿರುಗುವ ವ್ಯಾನಿನಲ್ಲಿ ಮರಿ ನನ್ನ ತೊಡೆಯ ಮೇಲೆಯೇ ನಿದ್ದೆ ಮಾಡಿತು. ಹೆಸರೇನಿಡುತ್ತೀರಿ ಎಂದು ಕೇಳಿದ್ದಕ್ಕೆ, "ಕೇಳಿಸುತ್ತೆ ಬಿಡು," ಅಂದಳು.

ಮರುದಿನ ಬೆಳಿಗ್ಗೆ ಕೇಳಿಸಿತು. ನಾನು ಗಂಜಿ ತಿರುವುತ್ತಿದ್ದೆ. ಮರಿ ಆಗಲೇ ಬೇಲಿಯಡಿ ನುಸುಳಿ ನಮ್ಮ ಅಂಗಳಕ್ಕೆ ಬಂದಾಗಿತ್ತು. ಆಚೆಯಿಂದ ಸಕುಬ್ವಾ ಮಾರುಕಟ್ಟೆಯ ಆ ಗಂಟಲು ಎದ್ದಿತು.

"ಮುಚಾದೂರಾ! ಮುಚಾದೂರಾ!"

ಬಾಯಿ ಬಿಡುತ್ತೀರಿ ಎಂದರ್ಥ. ಇವತ್ತಲ್ಲ ನಾಳೆ ನೀವೇ ಒಪ್ಪಿಕೊಳ್ಳುತ್ತೀರಿ ಎಂದು. ನನ್ನ ಗಂಡ ಚಹಾ ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ಮರಿ ಅಂಗಳದ ನಡುವೆ ನಿಂತು, ತಿರುಗಿ ಅವಳನ್ನು ನೋಡಿ, ಯೋಚನೆ ಮಾಡಿ, ನಮ್ಮ ಕೋಳಿಗೂಡಿನ ಕಡೆ ಹೊರಟಿತು. ಮಿಸೆಸ್ ಪ್ಲಂಕೆಟ್ ಸುಳ್ಳು ಹೇಳಿರಲಿಲ್ಲ. ಆ ಬೆಳಿಗ್ಗೆ ಹೊತ್ತೇರುವುದರೊಳಗೆ ಹದಿನೇಳು ಸಲ ಕರೆದಳು.

ಹೀಗೆ ಎಂಟು ತಿಂಗಳು. ಮಾರುಕಟ್ಟೆಗೆ ಹೋಗುವ ಮುಂಚೆ, ಬಂದ ಮೇಲೆ, ಭಾನುವಾರ ಇಡೀ ದಿನ. ಬೀದಿಗೆಲ್ಲ ಅರ್ಥವಾಗಿತ್ತು. ತಮಾಷೆಯೆಂದರೆ ಬಾಯಿ ಬಿಡಬೇಕಾದವರು ಬಿಡಲಿಲ್ಲ, ಬೇರೆಯವರು ಬಿಡತೊಡಗಿದರು. ಎದುರುಮನೆಯ ಮಾಯಿ ಬೆಸ್ಸಿ ಒಂದು ಸಂಜೆ ಬಂದು ಗೇಟಿನಲ್ಲೇ ನಿಂತಳು. "ಆ ನಾಯೀನ ನಮ್ಮನೆ ಕಡೆ ತಿರುಗಿ ಕರೀಬೇಡಿ. ನಿಮ್ಮ ಸೊಪ್ಪು ಕುಯ್ಕೊಂಡಿದ್ದು ನಾನೇ. ಎರಡೇ ಸಲ." ಮಾಯಿ ರುವಾ ನಾಯಿಯ ಕಡೆ ತಿರುಗಿದಳು. "ಸರಿ, ಐದು ಸಲ," ಎಂದು ಮಾಯಿ ಬೆಸ್ಸಿ ಅಳುತ್ತ ಹೋದಳು. ಆ ಕುಡುಕ ಬಂದು ಗೋಡೆಗೆ ಹೊಯ್ದವನು ತಾನೇ ಎಂದ. "ಅದು ಊರಿಗೆಲ್ಲ ಗೊತ್ತಪ್ಪ, ನಿನ್ನ ಹೆಸರಿನ ನಾಯಿ ಬೇರೇನೇ ಇದೆ," ಎಂದು ಚೆಂಜೆರಾನನ್ನು ತೋರಿಸಿ ಕಳಿಸಿದಳು.

ನನ್ನ ಗಂಡ ಜಗ್ಗಲಿಲ್ಲ. ಅವನೂ ನಮ್ಮವನೇ ತಾನೆ, ನಾಯಿಗೆ ನಾಯಿಯಿಂದಲೇ ಉತ್ತರ ಕೊಡಹೊರಟ. ಎಲ್ಲಿಂದಲೋ ಕರುವಿನ ಗಾತ್ರದ ಒಂದು ನಾಯಿ ತಂದು ಹಜ್ವಿನೇಯಿ ಎಂದು ಹೆಸರಿಟ್ಟ. ಪರವಾಗಿಲ್ಲ, ಏನಾಗಿ ಹೋಯಿತೀಗ ಎಂದರ್ಥ. ಆದರೆ ನಾಯಿ ಆರಿಸುವ ಬುದ್ಧಿ ಅವನಿಗೆಲ್ಲಿಂದ ಬರಬೇಕು? ಆ ದೈತ್ಯ ಸರಪಳಿಯಲ್ಲಿ ಬಿದ್ದುಕೊಂಡು ಅವನ ಕಾಲ ಬುಡ ಬಿಟ್ಟು ಕದಲುತ್ತಿರಲಿಲ್ಲ. ಆಚೆಯಿಂದ "ಮುಚಾದೂರಾ" ಎಂದರೆ ಇವನು ಜಗಲಿಯಲ್ಲಿ ನಿಂತು, ಪಾದದ ಮೇಲೆ ಗದ್ದವಿಟ್ಟು ಮಲಗಿದ್ದ ನಾಯಿಯನ್ನು "ಹಜ್ವಿನೇಯಿ" ಎಂದು ಕಿರುಚುತ್ತಿದ್ದ. ನಾಯಿ ಗಾಬರಿಯಾಗಿ ತಲೆ ಎತ್ತಿ, ಇಲ್ಲೇ ಇದ್ದೇನಲ್ಲ ಎಂಬಂತೆ ನೋಡುತ್ತಿತ್ತು. ಬೀದಿಯವರು ನಗುವುದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ಒಂದು ತಿಂಗಳಾದ ಮೇಲೆ ಮುಚಾದೂರಾ ಬಂದು ಅದರ ತಟ್ಟೆಯಲ್ಲೇ ಉಣ್ಣತೊಡಗಿದಳು. ಪರವಾಗಿಲ್ಲದವನು ಅವಳ ಕಿವಿ ನೆಕ್ಕುತ್ತಿದ್ದ.

ನಗು ಬರಬೇಕಿತ್ತು ನನಗೆ. ಬರಲಿಲ್ಲ. ಆ ಕರೆ ನನ್ನ ಅಡುಗೆಮನೆಯ ಕಿಟಕಿಯಿಂದ ಬಂದು ನೆತ್ತಿಯ ಮೇಲೆ ಬೀಳುತ್ತಿತ್ತು. ಕಿಟಕಿ ಮುಚ್ಚಿದೆ, ಸೆಖೆಗೆ ಬೆಂದೆ. ರೇಡಿಯೋ ಜೋರು ಮಾಡಿದೆ, ಹಾಡಿನ ನಡುವೆಯೂ ಕೇಳಿಸಿತು. ಕೊನೆಗೆ ತಡೆಯಲಾರದೆ ಬೇಲಿಯ ಬಳಿ ಹೋದೆ.

"ಮಾಯಿಗುರು, ನಾಯೀನ ಕಟ್ಟಿಹಾಕಿ. ತಲೆ ಚಿಟ್ಟು ಹಿಡಿದುಹೋಯ್ತು."

"ನಿನಗ್ಯಾಕೆ ಚಿಟ್ಟು ಹಿಡೀಬೇಕು?"

"ಇಡೀ ದಿನ ಕೂಗ್ತೀರಿ."

"ಒಂದು ಸಲಕ್ಕೆ ಬಂದಿದ್ರೆ ಇನ್ನೊಂದು ಸಲ ಯಾಕೆ ಕೂಗ್ತಿದ್ದೆ ಹೇಳು," ಅಂದಳು. ತಣ್ಣಗೆ ಒಗೆದ ಬಟ್ಟೆ ಹರವುತ್ತಿದ್ದಳು. ಅವಳ ಆ ತಣ್ಣನೆಯ ಮುಖಕ್ಕೆ ಬಟ್ಟೆಯ ಬಕೆಟ್ಟು ಬೀಸಿ ಒಗೆಯಬೇಕೆನಿಸಿತು ನನಗೆ. ಅವನಿಗೆ ಹೇಳಬೇಕಾದ್ದನ್ನು ಅವನಿಗೆ ಹೇಳಲಿ, ಅವನು ಹಗಲೆಲ್ಲ ಕೆಲಸಕ್ಕೆ ಹೋಗಿರುತ್ತಾನೆ, ಮನೆಯಲ್ಲಿ ಕೇಳಿಕೊಂಡು ಸಾಯುವವಳು ನಾನು ಎಂದು ಬೈದುಕೊಳ್ಳುತ್ತ ಬಂದೆ. ಅಷ್ಟು ಹೇಳಿಕೊಂಡ ಮೇಲೂ ನನ್ನ ಮರದ ತಲೆಗೆ ಏನೂ ಹೊಳೆಯಲಿಲ್ಲ.

ಒಂದು ಬುಧವಾರ ನನ್ನ ಗಂಡ ಒದ್ದ. ನನ್ನನ್ನಲ್ಲ, ನಾಯಿಯನ್ನು. ಮುಚಾದೂರಾ ಜಗಲಿ ಹತ್ತಿ ಬಂದಿತ್ತು. ಬೂಟುಗಾಲಿನಿಂದ ಪಕ್ಕೆಗೆ ಕೊಟ್ಟ ಏಟಿಗೆ ಬೇಲಿಯವರೆಗೂ ಉರುಳಿತು. ಅದರ ಕೂಗು ಮನುಷ್ಯರ ಕೂಗಿನ ಹಾಗಿತ್ತು. ಸರಪಳಿಯಲ್ಲಿದ್ದ ದೊಡ್ಡ ನಾಯಿ ಎದ್ದು ನಿಂತು ತನ್ನ ಒಡೆಯನನ್ನೇ ನೋಡಿ ಗುರ್ ಅಂದಿತು. ಮಾಯಿ ರುವಾ ಓಡಿ ಬಂದು ಬೇಲಿಯಾಚೆಯಿಂದ ಬಾಗಿ ಮುಚಾದೂರಾಳನ್ನು ಎತ್ತಿಕೊಂಡಳು. ಅವನತ್ತ ತಿರುಗಲಿಲ್ಲ. ನನ್ನ ಕಡೆ ನೋಡಿದಳು. ನಾನು ತೊಳೆಯುತ್ತಿದ್ದ ಪಾತ್ರೆಯನ್ನು ಇನ್ನೊಂದು ಸಲ ತೊಳೆದೆ.

ಒಳಗೆ ಬಂದು ಅವನು ಹೇಳಿದ: "ನಾಳೆ ಎರಡು ಗಂಟೆಗೆ ಮನೆ ಕೊಳ್ಳೋರು ಬರ್ತಾರೆ. ಅವಳು ಮಾರ್ಕೆಟ್ಟಲ್ಲಿರ್ತಾಳೆ, ನೀನು ಚರ್ಚಿಗೆ ಹೋಗಿರ್ತೀಯ. ಹೋಗೋ ಮುಂಚೆ ಆ ಕಾಗದ ತೆಗೆದು ಮೇಜಿನ ಮೇಲಿಟ್ಟು ಹೋಗು."

"ಮಾಯಿಗುರು ಎಲ್ಲಿಗೆ ಹೋಗ್ತಾರೆ? ರುವಾ?"

"ತೌರಿಗೆ ಹೋಗಲಿ. ದೊಣ್ಣೆ ಕೊಟ್ಟಳಲ್ಲ ಅಕ್ಕಂಗೆ, ಅವಳೇ ಇಟ್ಕೊಳ್ಳಲಿ."

"ಅದು ಅವರ ಮನೆ ರೀ."

"ಕೇಳಿದ್ನಾ ನಿನ್ನ?"

ಈಗ ಹೇಳುತ್ತೇನೆ ಕೇಳಿ, ನಾನೆಂಥವಳು ಎಂದು. ಗುರುವಾರ ಮಧ್ಯಾಹ್ನ ನಾನು ಟ್ರಂಕು ತೆಗೆದೆ. ಕೆಂಪು ರವಿಕೆ ತೊಟ್ಟೆ. ಕರಿ ಲಂಗ, ಬಿಳಿ ಟೋಪಿ. ಕಾಗದ ತೆಗೆದು, ಮಡಿಕೆ ನೇರ ಮಾಡಿ, ಹಾರದಿರಲೆಂದು ಸಕ್ಕರೆ ಡಬ್ಬ ಹೇರಿ ಮೇಜಿನ ಮೇಲಿಟ್ಟೆ. ಹಾಡಿನ ಪುಸ್ತಕ ಕಂಕುಳಲ್ಲಿಟ್ಟುಕೊಂಡೆ. ಆಗಲೇ ಒಬ್ಬ ದಪ್ಪ ಮನುಷ್ಯ ಲಾರಿ ನಿಲ್ಲಿಸಿ ಒಳಗೆ ಬರುತ್ತಿದ್ದ. ಅವನಿಗೆ ಮಂಡಿಯೂರಿ ನಮಸ್ಕಾರ ಹೇಳಿ, ಕುರ್ಚಿ ತೋರಿಸಿ, ಹೊರಗೆ ಬಂದೆ.

ಮಾಯಿ ರುವಾ ಮಾರುಕಟ್ಟೆಗೆ ಹೋಗಿರಲಿಲ್ಲ. ಒದೆ ತಿಂದ ನಾಯಿಯ ಪಕ್ಕೆಗೆ ಹಳೇ ಚಾದರದ ಪಟ್ಟಿ ಸುತ್ತಿ ಮನೆಯಲ್ಲೇ ಉಳಿದಿದ್ದಳು. ಆ ಮೊಂಡು ಪ್ರಾಣಿ ಪಟ್ಟಿ ಕಟ್ಟಿಕೊಂಡೇ ನುಸುಳಿ ಬಂದು ನನ್ನ ಹಿಂದೆ ಹಿಂದೆ ಗೇಟಿನವರೆಗೂ ಕುಂಟಿಕೊಂಡು ಬಂದಿತು. ನಾನು ಹೋಗು ಅಂದೆ. ಹೋಗಲಿಲ್ಲ. ನನ್ನ ಚಪ್ಪಲಿಯ ಮೇಲೆ ಕೂತಿತು.

"ಮುಚಾದೂರಾ."

ಈ ಸಲ ಅವಳು ಕೂಗಲಿಲ್ಲ. ಪಕ್ಕದಲ್ಲಿರುವವರನ್ನು ಕರೆಯುವ ಹಾಗೆ ಕರೆದಳು. ನಾನು ತಿರುಗಿದೆ. ಬೇಲಿಯ ತಂತಿ ಹಿಡಿದು ನಿಂತಿದ್ದಳು. ಅವಳು ನಾಯಿಯನ್ನು ನೋಡುತ್ತಿರಲಿಲ್ಲ, ಒಳಗಿದ್ದ ನನ್ನ ಗಂಡನ ಕಡೆಯೂ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಎಂಟು ತಿಂಗಳಿಂದ ಅವಳು ನೋಡುತ್ತಿದ್ದದ್ದು ನನ್ನನ್ನೇ. ಎಲಿಫಾಸ್ ಬಾಯಿ ಬಿಡುವವನಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ತೇತೆ ಕೇಳಿದ್ದು ಕಳ್ಳನನ್ನಲ್ಲ, ಕಣ್ಣಾರೆ ಕಂಡವರನ್ನು. ಅವತ್ತು ತಲೆ ಎತ್ತದೆ ಚಪ್ಪಲಿ ನೋಡುತ್ತ ಕೂತವಳು ಯಾರೆಂದು ಇವಳು ಗಮನಿಸಿದ್ದಳು. ಆ ನಾಯಿಯನ್ನು ಅವಳು ನನಗಾಗಿ ತಂದಿದ್ದಳು, ಅದೂ ನಾನೇ ಆರಿಸುವ ಹಾಗೆ ಮಾಡಿ.

ಮೈಯೆಲ್ಲ ಉರಿಯಿತು. ಇಷ್ಟು ದಿನ ನನ್ನನ್ನು ಬೀದಿಯ ನಡುವೆ ನಿಲ್ಲಿಸಿ ಕಳ್ಳಿ ಕಳ್ಳಿ ಎಂದು ಕೂಗಿದಳಲ್ಲ ಎಂಬ ಉರಿ.

"ಮುಚಾದೂರಾ," ಅಂದಳು ಮತ್ತೆ.

"ಬಂದೆ," ಅಂದೆ ನಾನು. ಸಿಟ್ಟಿನಲ್ಲೇ ಅಂದೆ.

ಒಳಗೆ ಹೋದೆ. ನನ್ನ ಗಂಡ ಆ ದಪ್ಪ ಮನುಷ್ಯನಿಗೆ ಚಹಾ ಬಗ್ಗಿಸುತ್ತಿದ್ದ. ಸಕ್ಕರೆ ಡಬ್ಬ ಎತ್ತಿ ಪಕ್ಕಕ್ಕಿಟ್ಟೆ, ಕಾಗದ ತೆಗೆದುಕೊಂಡೆ.

"ಏನು ಮಾಡ್ತಿದೀಯ?" ಅಂದ.

"ಇದನ್ನ ಇವರು ಅಣ್ಣನ ಕಪಾಟಿಂದ ತಗೊಂಡ್ರು," ಎಂದು ಆ ಮನುಷ್ಯನಿಗೆ ಹೇಳಿದೆ. "ಹೆಣ ಇನ್ನೂ ಮನೇಲಿತ್ತು. ನಾನು ನೋಡಿದೀನಿ. ಬಚ್ಚಿಟ್ಟೋಳು ನಾನೇ. ಈ ಮನೆ ಮಾರಾಟಕ್ಕಿಲ್ಲ. ನೀವು ಚಹಾ ಕುಡಿದು ಹೊರಡಿ."

ಆ ಮನುಷ್ಯ ಚಹಾವನ್ನೂ ಕುಡಿಯದೆ ಎದ್ದ. ನನ್ನ ಗಂಡ ಬಾಗಿಲಿಗೆ ಅಡ್ಡ ಬಂದ, ಕೈ ಎತ್ತಿದ. ಅಷ್ಟರಲ್ಲಿ ಮಾಯಿ ಬೆಸ್ಸಿ, ಆ ಕುಡುಕ, ಅರ್ಧ ಬೀದಿ ಗೇಟಿನಲ್ಲಿ ಸೇರಿತ್ತು. ಎತ್ತಿದ ಕೈಯನ್ನು ತಲೆ ಕೆರೆದುಕೊಳ್ಳಲು ಬಳಸಿದ. ನಾನು ದಾಟಿ ಬಂದು, ಬೇಲಿಯ ಮೇಲಿಂದ ಕಾಗದವನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಅಲ್ಲೇ ಬಿಡಿಸಿ, ಹಿಂದೆ ಮುಂದೆ ತಿರುಗಿಸಿ, ಅಂಚು ಎಳೆದು ನೋಡಿದಳು, ಮೂಟೆಯಿಂದ ಬಂದ ಅಂಗಿಯ ಹಾಗೆ.

ಸಂಜೆ ತೇತೆ ಬೆರಿಟಾ ಬಂದರು. ಅವರ ಮುಂದೆ ಮೊದಲಿಂದ ಕೊನೆಯವರೆಗೆ ಹೇಳಿದೆ. ನನ್ನ ಗಂಡ ಜೋಪಾನಕ್ಕೆ ಇಟ್ಟಿದ್ದು ಎಂದೇ ಹೇಳಿದ, ಇವತ್ತಿಗೂ ಹಾಗೇ ಹೇಳುತ್ತಾನೆ. ಮನೆಯನ್ನು ಮಾಯಿ ರುವಾಳ ಹೆಸರಿಗೆ ಬರೆಸಲು ಸೋಮವಾರ ತಾವೇ ಕಚೇರಿಗೆ ಹೋಗುವುದಾಗಿ ತೇತೆ ಹೇಳಿದರು. ನನ್ನ ಗಂಡ ಎದ್ದು ಹೋಗಿ ನಮ್ಮ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡ.

ಹಾಗಾಗಿ ಮಾಯಿ ರುವಾಳ ಅಡುಗೆಮನೆಯಲ್ಲಿ, ಕೆಂಪು ರವಿಕೆಯಲ್ಲೇ, ಅವಳು ಬಡಿಸಿದ ಸಡ್ಜಾ ಎಂಬ ಮೆಕ್ಕೆಜೋಳದ ಮುದ್ದೆ ಮುಂದಿಟ್ಟುಕೊಂಡು ಕೂತಿದ್ದೆ. ಅವಳು ಥ್ಯಾಂಕ್ಸ್ ಅನ್ನಲಿಲ್ಲ. ನಾನು ಅಳಲಿಲ್ಲ. ನಾಯಿ ಇಬ್ಬರ ನಡುವೆ ಮಲಗಿತ್ತು. ನಾನು ಮುದ್ದೆ ಮುರಿದು ಮುರಿದು ತಟ್ಟೆಯ ಅಂಚಿಗೆ ಇಡುತ್ತಿದ್ದೆ.

"ನನ್ನನ್ನೇ ಕೇಳಬಹುದಿತ್ತಲ್ಲ ಮಾಯಿಗುರು," ಅಂದೆ. "ಬೇಲಿ ಹತ್ರ ಕರೆದು, ಕಾಗದ ಎಲ್ಲಿದೆ ಅಂತ. ಎಂಟು ತಿಂಗಳು ಊರಿಗೆಲ್ಲ ಕೇಳೋ ಹಾಗೆ ಕೂಗೋ ಬದಲು. ನಾನೇನು ಹೇಳ್ತಿರಲಿಲ್ಲವಾ?"

ಅವಳು ಬೆರಳು ನೆಕ್ಕಿ, ಸಾರಿನ ಬಟ್ಟಲನ್ನು ನನ್ನ ಕಡೆ ತಳ್ಳಿದಳು.

"ಕೇಳಿದ್ರೆ ಇಲ್ಲ ಅಂತಿದ್ದೆ. ಒಂದು ಸಲ ಇಲ್ಲ ಅಂದಮೇಲೆ ಆ ಇಲ್ಲಾನ ಕಾಯ್ಕೊಂಡು ಸಾಯೋವರೆಗೂ ಕೂತಿರ್ತಿದ್ದೆ. ನಾಯೀನ ಕರೆದ್ರೆ ಯಾರೂ ಇಲ್ಲ ಅನ್ನಬೇಕಾಗಿಲ್ಲ ನೋಡು. ಉಣ್ಣು, ಆರಿಹೋಗುತ್ತೆ."

ಎದ್ದು ಹೋಗಬೇಕೆನ್ನುವಷ್ಟು ಸಿಟ್ಟು ಬಂತು ನನಗೆ. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಬಂತು. ಹೋಗಲು ಬೇರೆ ಮನೆ ಇರಲಿಲ್ಲ. ಉಂಡೆ.